ಅರ್ಜೆಂಟ್ ರೂಮಿನಲ್ಲಿ ‘ಸಿ’ ಕಾಮಣಿ

ಆಸ್ಪತ್ರೆಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಯಾರಾದರೂ ಕೇಳಿದರೆ, ಸಂತೆಯ ದಿನ ತಾಲೂಕು ಆಸ್ಪತ್ರೆಯ ತುರ್ತು ಚಿಕಿತ್ಸೆ ಕೋಣೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸುಮ್ಮನೆ ಕೂತು ನೋಡಿ ಎನ್ನುತ್ತೇನೆ. ಅಳುತ್ತ ಬಂದವರೇ ನಮ್ಮನ್ನು ನಗಿಸಿ ಹೋಗುತ್ತಾರೆ. ಅವರಿಗೆ ಅದು ಗೊತ್ತೂ ಇರುವುದಿಲ್ಲ.

ನಾನು ಸರ್ಕಾರಿ ನರ್ಸು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ವರ್ಗಾವಣೆಯ ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಇಳಿದವಳು. ಕೆಳಗಿನ ಪ್ರಸಂಗಗಳು ಯಾವ ಊರಿನ ಆಸ್ಪತ್ರೆಯಲ್ಲಿ ನಡೆದವು ಎಂದು ಹೇಳುವುದಿಲ್ಲ. ಓದಿದವರು ತಮ್ಮ ಪಕ್ಕದ ಊರಿನದು ಅಂದುಕೊಂಡರೆ ಎಲ್ಲರಿಗೂ ಸಮಾಧಾನ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಹೆಪಟೈಟಿಸ್ ಸಿ ಎಂಬ ಕಾಯಿಲೆಯನ್ನು ಪತ್ತೆ ಮಾಡುವ ಕಾರ್ಡುಗಳು ನಮ್ಮ ಆಸ್ಪತ್ರೆಗೆ ಬಂದವು. ಇದು ರಕ್ತದಿಂದ ರಕ್ತಕ್ಕೆ ಹರಡುವ ಒಂದು ಬಗೆಯ ಕಾಮಾಲೆ. ನಮ್ಮ ಕಡೆ ಕಾಮಾಲೆಗೆ ಕಾಮಣಿ ಎನ್ನುತ್ತಾರೆ. ಆದರೆ ಈ ಕಾಮಣಿಗೆ ಕಣ್ಣು ಹಳದಿಯಾಗಲೇಬೇಕು ಎಂದೇನಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಲಿವರಿನಲ್ಲಿ ಕೂತು ಅದನ್ನು ತಿನ್ನುತ್ತದೆ. ಹಿಂದೆ ಯಾವಾಗಲೋ ರಕ್ತ ಹಾಕಿಸಿಕೊಂಡವರು, ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಚುಚ್ಚಿಸಿಕೊಂಡವರು, ಹಚ್ಚೆ ಹಾಕಿಸಿಕೊಂಡವರು, ಇವರಲ್ಲಿ ಯಾರಿಗೆ ಬೇಕಾದರೂ ಇರಬಹುದು. ಹುಷಾರಾಗಿದ್ದವನು ಆಸ್ಪತ್ರೆಗೆ ಬರುವುದಿಲ್ಲ. ಬಂದರೆ ಬಿದ್ದೋ, ಸುಟ್ಟುಕೊಂಡೋ, ಏನಾದರೂ ಕಡಿಸಿಕೊಂಡೋ ಬರುತ್ತಾನೆ. ಹಾಗಾಗಿ ತುರ್ತು ಕೋಣೆಗೆ ಬಂದವರನ್ನೇ ಕೇಳಿ, ಒಪ್ಪಿದರೆ ಪರೀಕ್ಷೆ ಮಾಡಬೇಕು ಎಂದು ಮೇಲಿನವರು ಹೇಳಿದರು. ನಮ್ಮ ಜನ ಆ ಕೋಣೆಗೆ ಅರ್ಜೆಂಟ್ ರೂಮು ಎನ್ನುತ್ತಾರೆ. ಆ ರೂಮಿನ ಜವಾಬ್ದಾರಿ ನನ್ನದು. ಜೊತೆಗೆ ಒಬ್ಬರು ಡಾಕ್ಟರು. ಮಂಗಳೂರು ಕಡೆಯವರು, ಚಿಕ್ಕ ವಯಸ್ಸು, ಪುಸ್ತಕದ ಕನ್ನಡ. ಜನರ ಮಾತು ಅವರಿಗೆ, ಅವರ ಮಾತು ಜನರಿಗೆ ತಲುಪಿಸುವುದೂ ನನ್ನ ಕೆಲಸವೇ ಆಗಿತ್ತು.

ಚೇಳಿನ ಗತಿ ಏನು?

ಮೊದಲ ಗಿರಾಕಿಯನ್ನು ಮರೆಯುವ ಹಾಗಿಲ್ಲ. ಹತ್ತಿರದ ಹಳ್ಳಿಯ ಒಬ್ಬ ಗಟ್ಟಿಮುಟ್ಟಾದ ಯಜಮಾನರು. ಹೊಲದಲ್ಲಿ ಕಲ್ಲು ಎತ್ತುವಾಗ ಚೇಳು ಕಡಿದಿತ್ತು. ಒಂದು ಕೈಯಲ್ಲಿ ಕಾಲು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಉಪ್ಪಿನಕಾಯಿ ಬಾಟ್ಲಿ ಹಿಡಿದುಕೊಂಡು ಕುಂಟುತ್ತ ಬಂದರು. ಬಾಟ್ಲಿಯೊಳಗೆ ಚೇಳು. ಜೀವಂತ. ನಮ್ಮ ಕಡೆ ಕಡಿದದ್ದನ್ನು ಜೊತೆಗೆ ತರುವುದು ಪದ್ಧತಿ. ಡಾಕ್ಟರಿಗೆ ತೋರಿಸಿದರೆ ಔಷಧ ಸರಿಯಾಗಿ ಕೊಡುತ್ತಾರೆ ಎಂಬ ನಂಬಿಕೆ.

ನೋವಿಗೆ ಇಂಜೆಕ್ಷನ್ ಕೊಟ್ಟೆವು. ಉರಿ ಇಳಿಯಿತು. ಮುಖದ ಗಂಟು ಬಿಚ್ಚಿತು. ಇದೇ ಸಮಯ ಎಂದು ನಾನು ಶುರು ಮಾಡಿದೆ.

“ಯಜಮಾನ್ರ, ಹಿಂದ ಯಾವಾಗರ ರಕ್ತ ಹಾಕಿಸ್ಕೊಂಡೀರೇನು?”

“ಹೌದ್ರಿ, ಒಂದ್ಸಲ ಬಂಡಿ ಮಗುಚಿ ತೊಡಿ ಮುರದಿತ್ತು. ಆವಾಗ ಹಾಕಿದ್ರು.”

“ಹಂಗಾರ ಸ್ವಲ್ಪ ರಕ್ತ ಕೊಡ್ರಿ. ಲಿವರಿಗೆ ಏನರ ಐತೇನು ನೋಡ್ತೀವಿ.”

ಅವರು ತಮ್ಮ ಕಾಲು ನೋಡಿಕೊಂಡರು. ನನ್ನ ಮುಖ ನೋಡಿದರು. “ಕಡದಿದ್ದು ಕಾಲಿಗೆ ಅಲ್ರಿ ಸಿಸ್ಟರ್?”

ನಾನು ಕೂತು ಬಿಡಿಸಿ ಹೇಳಿದೆ. ಈ ರೋಗ ರಕ್ತದಲ್ಲಿ ಇರುತ್ತದೆ, ಒಬ್ಬರ ರಕ್ತ ಮುಟ್ಟಿದ ಮುಳ್ಳು ಇನ್ನೊಬ್ಬರಿಗೆ ಚುಚ್ಚಿದರೂ ಹತ್ತಬಹುದು, ಹೀಗೆಲ್ಲ. ಅವರು ಬಹಳ ಗಮನ ಇಟ್ಟು ಕೇಳಿದರು. ಕೈ ಚಾಚಿ ರಕ್ತ ಕೊಟ್ಟರು. ಆಮೇಲೆ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು ಚೇಳನ್ನು ನೋಡಿದರು. ಮುಖದಲ್ಲಿ ನಿಜವಾದ ಕನಿಕರ.

“ಸಿಸ್ಟರ್, ಇದಕ್ಕೂ ಒಂದು ಟೆಸ್ಟ್ ಮಾಡ್ರಿ. ನನಗೇನರ ಇದ್ರ, ಪಾಪ, ಇದಕ್ಕೂ ಹತ್ತಿರಬೇಕು.”

ಎರಡನೇ ಗೆರೆ

ಆ ಕಾರ್ಡಿನ ಲೆಕ್ಕ ಸರಳ. ರಕ್ತದ ತಿಳಿಯನ್ನು ಹನಿಸಿ ಕಾಯಬೇಕು. ಒಂದು ಗೆರೆ ಮೂಡಿದರೆ ರೋಗ ಇಲ್ಲ. ಎರಡು ಗೆರೆ ಮೂಡಿದರೆ ಮುಂದಿನ ಪರೀಕ್ಷೆಗೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ತೊಂದರೆ ಏನೆಂದರೆ, ಬಸುರಿಯೋ ಅಲ್ಲವೋ ಎಂದು ನೋಡುವ ಕಾರ್ಡೂ ನೋಡಲು ಹೀಗೇ ಇರುತ್ತದೆ.

ಮೆಣಸಿನಕಾಯಿ ಬಜ್ಜಿ ಕರಿಯುವಾಗ ಎಣ್ಣೆ ಸಿಡಿದು ಕೈ ಸುಟ್ಟುಕೊಂಡ ಒಬ್ಬ ಸೊಸೆಯನ್ನು ಅತ್ತೆ ಕರೆದುಕೊಂಡು ಬಂದರು. ಅತ್ತೆ ಎಂದರೆ ಇಡೀ ಓಣಿಗೆ ಅತ್ತೆ ಎನ್ನುವಂಥ ಗತ್ತು. ಸೊಸೆಯ ಕೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದೆ. ಹಿಂದೆ ಅಪೆಂಡಿಕ್ಸ್ ಆಪರೇಷನ್ನಿನಲ್ಲಿ ರಕ್ತ ಹಾಕಿದ್ದರು ಎಂದಳು. ಪರೀಕ್ಷೆಗೆ ಒಪ್ಪಿದಳು. ಕಾರ್ಡಿಗೆ ಹನಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟು, ನಾನು ಇನ್ನೊಬ್ಬರ ಗಾಯ ತೊಳೆಯಲು ಹೋದೆ.

ತಿರುಗಿ ನೋಡಿದರೆ ಅತ್ತೆ ಕಿಟಕಿಯ ಹತ್ತಿರ ನಿಂತು ಕಾರ್ಡಿನ ಮೇಲೆ ಮೂಗು ಇಡುವಷ್ಟು ಬಗ್ಗಿದ್ದಾರೆ. ಮುಖ ಬಾಡಿಹೋಗಿದೆ.

“ಒಂದ ಗೆರಿ ಬಂದೈತಿ,” ಎಂದರು.

“ಚಲೋ ಆತಲ್ಲ ಯವ್ವಾ,” ಎಂದೆ ನಾನು.

“ಏನ್ ಚಲೋ ಆತು? ತಡೀರಿ, ಇನ್ನೊಂದು ಸ್ವಲ್ಪ ಹೊತ್ತು ನೋಡೂಣು. ಬಿಸಲಿಗಿ ಇಡ್ಲೇನು?”

ಬೇಡ ಬೇಡ ಎಂದು ನಾನು ಓಡಿ ಬಂದು ಕಾರ್ಡು ಕಸಿದುಕೊಂಡೆ. “ಯವ್ವಾ, ಎರಡನೇ ಗೆರಿ ಬಂದ್ರ ಕಷ್ಟ.”

ಅವರಿಗೆ ಸಿಟ್ಟೇ ಬಂತು. “ಕಷ್ಟ ಏನು ಬಂತವ್ವಾ? ಸಾಕಾಕ ನಾ ಇಲ್ಲೇನು? ಎರಡಲ್ಲ, ಮೂರು ಗೆರಿ ಬರಲಿ, ಮೂರನ್ನೂ ಸಾಕ್ತೀನಿ!”

ಆಗ ನನಗೆ ವಿಷಯ ಹೊಳೆಯಿತು. ಇದು ಮಕ್ಕಳ ಕಾರ್ಡಲ್ಲ, ಲಿವರಿನದು ಎಂದು ಹೇಳಿದೆ. ಅತ್ತೆ ಕಿಟಕಿಯಿಂದ ಸರಿದು ಬಂದರು. ಆದರೆ ಬಿಡುವ ಪೈಕಿ ಅಲ್ಲ. “ಹಂಗಾರ ಬಂದಾಗ ಬಂದೀವಿ, ಮಕ್ಕಳ ಕಾರ್ಡೂ ಒಂದು ಹಾಕ್ರಿ,” ಎಂದರು.

ಸೊಸೆ ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದಳು. ಗಂಡ ಲಾರಿ ಡ್ರೈವರು, ಹಬ್ಬ ಕಳೆದ ಮೇಲೆ ಅಸ್ಸಾಮಿನ ಕಡೆ ಹೋದವನು ತಿಂಗಳುಗಳು ಕಳೆದರೂ ಇನ್ನೂ ಬಂದಿರಲಿಲ್ಲ. ಅವಳು ಬಟ್ಟೆ ಸುತ್ತಿದ ಕೈ ಸವರಿಕೊಳ್ಳುತ್ತ ಮೆಲ್ಲಗೆ ಹೇಳಿದಳು:

“ಸಿಸ್ಟರ್, ಆ ಕಾರ್ಡು ಹಾಕೋದಿದ್ರ ಮೊದಲು ಇವರ ಮಗನ್ನ ಅಸ್ಸಾಮಿನಿಂದ ಕರೆಸ್ರಿ.”

ಸರ್ಕಾರದ ಸಾಕ್ಷಿ

ಇದು ಸಣ್ಣದು. ಒಬ್ಬಾತ ಹುಣಸೆ ಮರದಿಂದ ಬಿದ್ದು ತಲೆ ಒಡೆದುಕೊಂಡು ಬಂದ. ಹೆಂಡತಿ ಜೊತೆಗಿದ್ದಳು. ಹೊಲಿಗೆ ಹಾಕಿದ ಮೇಲೆ ಲಿವರ್ ಪರೀಕ್ಷೆ ಎಂದ ಕೂಡಲೇ ಆತ ಎದ್ದು ಕೂತ. “ಲಿವರೇನ್ರಿ? ನಾನು ಕುಡಿಯಂಗಿಲ್ಲ. ಮುಟ್ಟಂಗಿಲ್ಲ. ಆ ಅಂಗಡಿ ಮುಂದ ಹಾದ್ರ ತಲಿ ಈ ಕಡಿ ತಿರುವಿ ಹೋಗ್ತೀನಿ.”

“ಕುಡಿಯೋದಕ್ಕೂ ಇದಕ್ಕೂ ಸಂಬಂಧ ಇಲ್ಲ,” ಎಂದು ನಾನು ಹೇಳಿದ್ದು ಆತನ ಕಿವಿಗೆ ಹೋಗಲಿಲ್ಲ. ರಕ್ತ ಕೊಡುವಾಗ ಬೆವರುತ್ತಿದ್ದ. ಕಾರ್ಡಿನಲ್ಲಿ ಒಂದೇ ಗೆರೆ. ರೋಗ ಇಲ್ಲ ಎಂದೆ.

ಆತ ಜಿಗಿದೆದ್ದು ಹೆಂಡತಿಯ ಕಡೆ ತಿರುಗಿದ. “ಕೇಳಿದಿಲ್ಲೋ? ಕೇಳಿದಿಲ್ಲೋ? ಸರ್ಕಾರ ಹೇಳೇತಿ, ನಾ ಕುಡಿಯಂಗಿಲ್ಲ ಅಂತ! ಸಿಸ್ಟರ್, ಆ ಕಾರ್ಡು ನನಗ ಕೊಡ್ರಿ, ಕಟ್ಟು ಹಾಕಿಸಿ ಮನ್ಯಾಗ ತೂಗ ಹಾಕ್ತೀನಿ.”

ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಅಲ್ಲಿಂದಲೇ ಹೇಳಿದಳು: “ಸಿಸ್ಟರ್, ರಕ್ತ ಯಾಕ ತಗೀತೀರಿ? ಬಾಯಿ ಮೂಸಿದ್ರ ಸಾಕಿತ್ತು.”

ಸೀ ಕಾಮಣಿ, ಖಾರ ಕಾಮಣಿ

ಎಲ್ಲ ಕಾರ್ಡೂ ಒಂದು ಗೆರೆಯಲ್ಲಿ ಮುಗಿಯುತ್ತಿರಲಿಲ್ಲ. ಹೈಸ್ಕೂಲಿನ ಒಬ್ಬ ಗುಮಾಸ್ತರು ಸೈಕಲ್ ಸ್ಟ್ಯಾಂಡಿನ ತಗಡು ತಗುಲಿ ಕೈ ಕೊಯ್ದುಕೊಂಡು ಬಂದರು. ಹರೆಯದಲ್ಲಿ ಬಸ್ಸು ಅಪಘಾತವಾಗಿ ರಕ್ತ ಹಾಕಿಸಿಕೊಂಡಿದ್ದರು. ಅವರ ಕಾರ್ಡಿನಲ್ಲಿ ಎರಡು ಗೆರೆ ಮೂಡಿತು.

ಅವತ್ತು ನನಗೆ ನಗು ಬರಲಿಲ್ಲ. ಇಬ್ಬರು ಹೆಣ್ಣುಮಕ್ಕಳ ತಂದೆ. ದೊಡ್ಡವಳ ಮದುವೆ ಗೊತ್ತಾಗಿತ್ತು. ಡಾಕ್ಟರು ಅವರನ್ನು ಪಕ್ಕದ ಕೋಣೆಗೆ ಕರೆದು ಕೂರಿಸಿ, “ಇದು ಹೆಪಟೈಟಿಸ್ ಸಿ ಇರುವ ಸೂಚನೆ. ಖಚಿತ ಅಲ್ಲ. ದಾವಣಗೆರೆಗೆ ಹೋಗಿ ಇನ್ನೊಂದು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಗಾಬರಿ ಬೇಡ,” ಎಂದರು. ಅವರು ತಲೆ ಆಡಿಸಿದರು. ನಾನು ನೀರು ಕೊಟ್ಟು, “ಸಿ ಕಾಮಣಿ ಅಂದ್ರ ಎಲ್ಲಾ ಮುಗೀತು ಅಂತಲ್ಲ ಸರ್. ನಾನು ಹೇಳ್ತೀನಿ ಕೇಳ್ರಿ, ಧೈರ್ಯವಾಗಿರ್ರಿ,” ಎಂದೆ. ನಾನು ಹಾಗೆ ಹೇಳಿದರೆ ಜನ ನಂಬುತ್ತಿದ್ದರು. ನನಗೂ ನನ್ನ ಮಾತಿನ ಮೇಲೆ ನಂಬಿಕೆ ಇತ್ತು.

ಅವರು ಮನೆಗೆ ಹೋಗಿ ಹೆಂಡತಿಗೆ ಸಿ ಕಾಮಣಿ ಎಂದು ಹೇಳಿದ್ದಾರೆ. ಹೆಂಡತಿಯ ಕಿವಿಗೆ ಅದು ಸೀ ಕಾಮಣಿ ಎಂದು ಬಿದ್ದಿದೆ. ಸೀ ಅಂದರೆ ಸಿಹಿ. ಆ ತಾಯಿ ಅವತ್ತೇ ಮನೆಯಲ್ಲಿದ್ದ ಸಕ್ಕರೆ, ಬೆಲ್ಲ, ಬಾಳೆಹಣ್ಣು ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿದರು. ಗಂಡನಿಗೆ ಸಪ್ಪೆ ಚಹಾ. ಯುಗಾದಿಗೆ ಬೇವು ಮಾತ್ರ, ಬೆಲ್ಲ ಇಲ್ಲ. ಹೋಳಿಗೆ ಮಾಡಿದವರ ಮನೆಯ ಮುಂದೆ ಹಾಯುವಾಗ ಉಸಿರು ಬಿಗಿ ಹಿಡಿಯಬೇಕು ಎಂಬ ಕಟ್ಟಪ್ಪಣೆ. ಗುಮಾಸ್ತರು ತಮ್ಮ ಚಿಂತೆಯಲ್ಲಿದ್ದವರು, ಹೆಂಡತಿ ಹೇಳಿದ್ದಕ್ಕೆಲ್ಲ ಹೂಂ ಎಂದರು.

ಕೆಲವು ವಾರಗಳ ಮೇಲೆ ಇನ್ನೊಂದು ಪರೀಕ್ಷೆಯ ಫಲಿತಾಂಶ ಬಂತು. ರಕ್ತದಲ್ಲಿ ಈಗ ವೈರಸ್ ಇಲ್ಲ. ಯಾವಾಗಲೋ ಬಂದು, ದೇಹವೇ ಅದನ್ನು ಓಡಿಸಿ, ಗುರುತು ಮಾತ್ರ ಉಳಿದಿತ್ತು. ಕೆಲವರಲ್ಲಿ ಹಾಗೆ ಆಗುತ್ತದೆ ಎಂದು ಡಾಕ್ಟರು ಹೇಳಿದಾಗ ಗುಮಾಸ್ತರು ಕುರ್ಚಿಯಲ್ಲೇ ಕೂತು ಅತ್ತರು. ನನಗೂ ಕಣ್ಣು ತುಂಬಿತು. ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಮಾತ್ರ ಗೆದ್ದವರ ಹಾಗೆ ಸೆರಗು ಸರಿಮಾಡಿಕೊಂಡು, “ನಾ ಹೇಳಿದ್ದಿಲ್ಲೇನು? ಸಕ್ರಿ ಬಿಡಿಸಿದ್ದಕ್ಕ ಹೋತು,” ಎಂದರು. ಡಾಕ್ಟರು ಬಾಯಿ ತೆರೆದರು. ನಾನು ಕಣ್ಣಲ್ಲೇ ಬೇಡ ಎಂದೆ. ಆಮೇಲೆ ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದು ಇದ್ದೇ ಇತ್ತು. ಆ ಗಳಿಗೆ ಅವರದು.

ಸುದ್ದಿ ಊರು ತುಂಬಿತು. ಸಕ್ಕರೆ ಬಿಟ್ಟರೆ ಕಾಮಣಿ ಹೋಗುತ್ತದೆಯಂತೆ, ಅಷ್ಟೇ ಅಲ್ಲ, ಸಕ್ಕರೆ ತಿಂದರೇ ಕಾಮಣಿ ಬರುತ್ತದೆಯಂತೆ. ನಾನೂ ಸುಮ್ಮನೆ ಕೂರಲಿಲ್ಲ. ಬಂದವರಿಗೆಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ, ಇದು ಇಂಗ್ಲಿಷಿನ ಸಿ, ಎ ಬಿ ಸಿ ಅಂತಾರಲ್ಲ ಆ ಸಿ, ಲಾಡು ಜಿಲೇಬಿಗೂ ಇದಕ್ಕೂ ಸಂಬಂಧ ಇಲ್ಲ ಎಂದು ಹೇಳುತ್ತ ಬಂದೆ. ಜನ ತಲೆ ಆಡಿಸಿ ಮನೆಗೆ ಹೋಗಿ ಸಪ್ಪೆ ಚಹಾ ಕುಡಿಯುತ್ತಿದ್ದರು.

ಕೊನೆಗೆ ಒಂದು ದಿನ ಊರಿನ ಮಿಠಾಯಿ ಅಂಗಡಿಯ ಮಾಲೀಕರು ಅರ್ಜೆಂಟ್ ರೂಮಿಗೆ ಬಂದರು. ಮೈಯಲ್ಲಿ ಏನೂ ತೊಂದರೆ ಇರಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಬಹಳ ಗೌರವದಿಂದ ಕೇಳಿದರು:

“ಸಿಸ್ಟರ್, ಸೀ ಕಾಮಣಿ ಬಂತು, ಆತು. ಈ ಖಾರ ಕಾಮಣಿ ಅನ್ನೋದು ಯಾವಾಗ ಬರ್ತೈತ್ರಿ? ನಮ್ಮ ಅಂಗಡಿ ಎದುರಿಗಿ ಮಿರ್ಚಿ ಮಂಡಕ್ಕಿಯಾಂವ ಭಾಳ ಮೆರದಾಡಾಕ ಹತ್ಯಾನ.”

ಪವರ್ ಇರುವ ಸೂಜಿ

ಹಳ್ಳಿಯವರಿಗೆ ಸೂಜಿಯ ಬಗ್ಗೆ ಕೇಳುವುದು ಒಂದು ಕಲೆ. “ಬಳಸಿದ ಸೂಜಿ ಚುಚ್ಚಿಸ್ಕೊಂಡೀರೇನು?” ಎಂದು ನೇರವಾಗಿ ಕೇಳಿದರೆ, ಇಲ್ಲ ಎನ್ನುತ್ತಾರೆ. “ನಿಮ್ಮೂರ ಡಾಕ್ಟ್ರು ಹೆಂಗ?” ಎಂದರೆ ಎಲ್ಲ ಹೊರಗೆ ಬರುತ್ತದೆ.

ಒಬ್ಬ ಯಜಮಾನರು ಹೀಗೆ ಕೇಳಿದ್ದಕ್ಕೆ ಹೆಮ್ಮೆಯಿಂದ ಎದೆ ಉಬ್ಬಿಸಿದರು. “ನಮ್ಮೂರ ಡಾಕ್ಟ್ರ ಸೂಜಿ ಅಂದ್ರ ಸೂಜಿ ನೋಡ್ರಿ! ನಮ್ಮಪ್ಪಗ ಚುಚ್ಚಿದ್ದೂ ಅದ, ನನಗ ಚುಚ್ಚಿದ್ದೂ ಅದ, ಈಗ ನನ್ನ ಮಗಗ ಚುಚ್ಚೋದೂ ಅದ. ಒಂದಿನ ಮುರದಿಲ್ಲ.”

ಆ ಡಾಕ್ಟರು ದೊಡ್ಡ ಓದು ಓದಿದವರಲ್ಲ. ಮೊದಲು ಯಾರದೋ ಔಷಧ ಅಂಗಡಿಯಲ್ಲಿ ಕೆಲಸ ಮಾಡಿ, ಆಮೇಲೆ ಚೀಲ ಹಿಡಿದು ಹಳ್ಳಿ ಸುತ್ತಿ ಡಾಕ್ಟರಾದವರು. ಜನರ ಮೇಲೆ ಪ್ರೀತಿ ಇದ್ದ ಮನುಷ್ಯ. ಕರೆದರೆ ಹೊಲಕ್ಕೂ ಹೋಗುತ್ತಿದ್ದರು. ಗಾಜಿನ ಸಿರಿಂಜು, ಸ್ಟೀಲಿನ ಸೂಜಿ, ಕುದಿಯುವ ನೀರಿನಲ್ಲಿ ಒಂದು ಮುಳುಗು. ಬಿಸಿನೀರು ಇಲ್ಲದ ಕಡೆ ಆ ಮುಳುಗೂ ಇಲ್ಲ. ಅವರಿಗೆ ಹೇಗೆ ತಿಳಿಸುವುದು ಎಂದು ನಾವು ಯೋಚಿಸುತ್ತಿದ್ದಾಗಲೇ ಅವರಾಗಿಯೇ ಬಂದರು. ಲೂನಾ ಮೇಲಿಂದ ಬಿದ್ದು ಮೊಣಕಾಲು ಹರಿದಿತ್ತು. ಅವರ ಊರಿನವರೇ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಂದಿದ್ದರು. ಬಾಗಿಲು, ಕಿಟಕಿ ಎಲ್ಲ ಕಡೆ ಅವರ ರೋಗಿಗಳೇ ಇಣುಕುತ್ತಿದ್ದರು.

ಗಾಯ ತೊಳೆದೆ. ಧನುರ್ವಾಯು ಇಂಜೆಕ್ಷನ್ ಕೊಡಬೇಕು, ಜೊತೆಗೆ ಈ ಪರೀಕ್ಷೆಗೂ ರಕ್ತ ತೆಗೆಯೋಣ ಎಂದೆ. ದಿನಾ ಸೂಜಿ ಹಿಡಿಯುವವರು, ತಮ್ಮ ಕೈಗೇ ಎಷ್ಟು ಸಲ ಚುಚ್ಚಿಕೊಂಡಿರುತ್ತಾರೋ. ಅವರು ಒಪ್ಪಿದರು. ನಾನು ಸೂಜಿ ಕೈಗೆ ತೆಗೆದುಕೊಂಡ ಕೂಡಲೇ ಮುಖ ಬಿಳಿಚಿತು. ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು:

“ಸಿಸ್ಟರ್, ಸೂಜಿ ಹೊಸಾದು ಹೌದಲ್ರಿ?”

ಪಿಸುಮಾತು ಎಂದು ಅವರು ಅಂದುಕೊಂಡಿದ್ದು ಕಿಟಕಿಯವರೆಗೆ ಕೇಳಿಸಿತು. ಅಲ್ಲಿ ನಿಂತಿದ್ದ ಒಬ್ಬ ಅಜ್ಜಿ ತಟ್ಟನೆ ಅಂದಳು: “ಯಾಕ ಡಾಕ್ಟ್ರ, ನಿಮ್ಮ ಸೂಜಿ ಮನ್ಯಾಗ ಬಿಟ್ಟು ಬಂದೀರೇನು?”

ರೂಮು ಪೂರ್ತಿ ನಕ್ಕಿತು. ಅವರೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. ಅವರ ಕಾರ್ಡಿನಲ್ಲಿ ಒಂದೇ ಗೆರೆ ಬಂತು. ನಮ್ಮ ಡಾಕ್ಟರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಹಾ ತರಿಸಿ, ಸಮಸಮ ಎಂಬಂತೆ ಮಾತಾಡಿದರು. ಒಂದು ಸಲ ಚುಚ್ಚಿ ಬಿಸಾಡುವ ಸೂಜಿ ಯಾಕೆ ಬೇಕು ಎಂದು ವಿವರಿಸಿದರು. ಆ ಮನುಷ್ಯ ಮಾತಿಗೆ ತಪ್ಪಲಿಲ್ಲ. ಗಾಜಿನ ಸಿರಿಂಜನ್ನು ತಾವೇ ಹಿತ್ತಲಲ್ಲಿ ಹೂಳಿದರಂತೆ. ಊರಿನ ಜನರನ್ನು ಪರೀಕ್ಷೆಗೆ ನಮ್ಮಲ್ಲಿಗೆ ಕಳಿಸಿದ್ದೂ ಅವರೇ.

ನಾನು ಗೆದ್ದೆ ಎಂದು ಬೀಗುತ್ತಿದ್ದೆ. ಆಗ ಅದೇ ಊರಿನ ಅದೇ ಯಜಮಾನರು ಮತ್ತೆ ಬಂದರು, ಮುಖ ಗಂಟು ಹಾಕಿಕೊಂಡು.

“ಏನ್ ಮಾಡಿಬಿಟ್ರಿ ಸಿಸ್ಟರ್ ನಮ್ಮ ಡಾಕ್ಟ್ರಿಗಿ? ಈಗ ಹೊಸ ಸೂಜಿ ಚುಚ್ತಾರ. ಅದಕ್ಕ ಒಂಚೂರೂ ಪವರ್ ಇಲ್ರಿ. ಚುಚ್ಚಿದ್ದ ಗೊತ್ತಾಗಂಗಿಲ್ಲ!”

ಅವರ ಹೆಸರು

ಕೊನೆಯದನ್ನು ನೆನೆಸಿಕೊಂಡರೆ ಈಗಲೂ ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತೇನೆ.

ಮಲ್ಲಿಗೆ ತೋಟದಲ್ಲಿ ಮೊಗ್ಗು ಬಿಡಿಸುವ ಒಬ್ಬ ಅಜ್ಜಿ ಕಾಲುವೆಯ ಪಾಚಿಯ ಮೇಲೆ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಿದ್ದಳು. ನೋವಿಗಿಂತ ಅವಳಿಗೆ ಮೊಗ್ಗಿನದೇ ಚಿಂತೆ. ಬಸ್ಸಿಗೆ ಹೋಗುವ ಮೊದಲೇ ಅರಳಿಬಿಟ್ಟರೆ ಯಾರೂ ಕೊಳ್ಳುವುದಿಲ್ಲ. ಅದಕ್ಕೇ ಗಂಡನನ್ನು ಹೂವಿನ ಬುಟ್ಟಿಯ ಜೊತೆ ಬಸ್‌ಸ್ಟ್ಯಾಂಡಿಗೆ ಓಡಿಸಿ, ತಾನೊಬ್ಬಳೇ ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದು ಬಂದಿದ್ದಳು. ಮೈಯೆಲ್ಲ ಮಲ್ಲಿಗೆಯ ವಾಸನೆ. ಅವತ್ತು ನಮ್ಮ ಡೆಟಾಲು ಸೋತಿತು.

ಕೈಗೆ ಪಟ್ಟಿ ಕಟ್ಟಿ ಒಂದು ಹದಕ್ಕೆ ತಂದ ಮೇಲೆ ನಾನು ಕೇಳಿದೆ: “ಅಜ್ಜಿ, ಯಜಮಾನ್ರ ಹೆಸರೇನು?”

ಅಜ್ಜಿ ನಾಚಿಕೊಂಡಳು. ಗಂಡನ ಹೆಸರು ಹೇಳುವ ಕಾಲದವಳಲ್ಲ. “ಹೆಂಗ ಹೇಳ್ಲೆವ್ವಾ? ನೀನ ತಿಳ್ಕೋ.”

“ನಾ ಹೆಂಗ ತಿಳ್ಕೊಳ್ಳಲಿ? ಹೋಗ್ಲಿ ಬಿಡು. ಹಚ್ಚಿ ಗಿಚ್ಚಿ ಹಾಕಿಸ್ಕೊಂಡೀಯೇನು?”

ಅಜ್ಜಿಯ ಮುಖ ಅರಳಿತು. “ಅಯ್ಯ, ಅದನ್ನ ಮೊದಲ ಕೇಳಬಾರದಾ! ಅವರ ಹೆಸರ ಐತಿ ಇಲ್ಲಿ. ಓದ್ಕೋ.” ಎಡಗೈಯ ಬಳೆ ಸರಿಸಿ ಮುಂದೆ ಚಾಚಿದಳು.

ಮೊಣಕೈಯಿಂದ ಮಣಿಕಟ್ಟಿನವರೆಗೆ, ಎರಡು ಕಡೆ ಬಳ್ಳಿ, ನಡುವೆ ಹಸಿರು ಅಕ್ಷರ. ವಯಸ್ಸಿಗೆ ಸ್ವಲ್ಪ ಮಾಸಿದ್ದರೂ ಚೆನ್ನಾಗಿ ಓದಲು ಬರುತ್ತಿತ್ತು. ನಾನು ಓದಿದೆ. ಮತ್ತೊಮ್ಮೆ ಓದಿದೆ.

ಸುಸ್ವಾಗತ.

ಅಜ್ಜಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. “ಚಲೋ ಹೆಸರು ಹೌದಲ್ಲ?” ಎಂದಳು.

“ಭಾಳ ಚಲೋ ಐತಿ ಅಜ್ಜಿ,” ಎಂದೆ.

ಅಷ್ಟರಲ್ಲಿ ಗಂಡ ಬಂದರು. ತೆಳ್ಳಗಿನ ಮುದುಕ, ತಲೆಗೆ ರುಮಾಲು. ಹೂವು ಬಸ್ಸು ಹತ್ತಿತು ಎಂದು ಮೊದಲು ಹೆಂಡತಿಗೆ ವರದಿ ಒಪ್ಪಿಸಿ, ಆಮೇಲೆ ಕೈ ಹೇಗಿದೆ ಎಂದು ಕೇಳಿದರು. ನನಗೆ ತಮ್ಮ ಹೆಸರು ಹೇಳಿದರು. ಶುದ್ಧ ದೇವರ ಹೆಸರು. ನಾನು ಏನೂ ಆಗದವಳ ಹಾಗೆ ಬರೆದುಕೊಂಡು, ವಿಷಯ ಅಲ್ಲಿಗೇ ಮುಚ್ಚಿಬಿಡಬೇಕು ಎಂದುಕೊಂಡೆ. ಆದರೆ ರಕ್ತ ತೆಗೆಯಲು ಅಜ್ಜಿಯ ಎಡಗೈ ಹಿಡಿದಿದ್ದ ನಮ್ಮ ಡಾಕ್ಟರು, ಪುಸ್ತಕದ ಕನ್ನಡದ ಪುಣ್ಯಾತ್ಮ, ಗಟ್ಟಿಯಾಗಿ ಓದಿಯೇಬಿಟ್ಟರು:

“ಅರೆ! ಇಲ್ಲಿ ಸುಸ್ವಾಗತ ಅಂತ ಇದೆಯಲ್ಲ!”

ಮುದುಕರು ಹೆಂಡತಿಯ ಕೈ ನೋಡಿದರು. ಹೆಂಡತಿ ತನ್ನ ಕೈ ನೋಡಿಕೊಂಡಳು. ಇಬ್ಬರಿಗೂ ಓದಲು ಬರುತ್ತಿರಲಿಲ್ಲ.

“ಏನಂದ್ರಿ?” ಎಂದರು ಮುದುಕರು. “ಅದು ನನ್ನ ಹೆಸರು ಅಲ್ಲೇನ್ರಿ?”

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಅಲ್ಲ ಎಂದೆ. ಅಜ್ಜಿ ನೆನಪು ಮಾಡಿಕೊಂಡಳು. ಮದುವೆಯ ಚಪ್ಪರದಲ್ಲೇ ಹಚ್ಚೆ ಹಾಕುವವಳು ಬಂದಿದ್ದಳು. ಗಂಡನ ಹೆಸರು ಹಾಕು ಎಂದರೆ ಅಕ್ಷರ ಗೊತ್ತಿಲ್ಲ, ಯಾರಾದರೂ ಬರೆದು ತೋರಿಸಿ ಎಂದಿದ್ದಳು. ಯಾರೋ ಹುಡುಗಿಯರು ಚಪ್ಪರದ ಬಾಗಿಲ ಕಡೆ ಕೈ ಮಾಡಿ, ಅಲ್ಲಿ ಬಟ್ಟೆಯ ಮೇಲೆ ಮದುಮಗನ ಹೆಸರು ಬರೆದಿದೆ, ನೋಡಿ ಹಾಕು ಎಂದಿದ್ದರು. ಹೆಸರು ಕೆಳಗಿನ ಸಾಲಿನಲ್ಲಿ ಇದ್ದಿರಬೇಕು. ಅವಳು ಮೇಲಿನ ಸಾಲು, ದೊಡ್ಡ ಅಕ್ಷರದ್ದು, ನೋಡಿಕೊಂಡು ಚುಚ್ಚಿದ್ದಾಳೆ.

“ಹಂಗಂದ್ರ ಏನ್ರಿ ಅದರ ಅರ್ಥ?” ಮುದುಕರ ದನಿ ಗಂಭೀರವಾಗಿತ್ತು.

“ಬಂದವ್ರಿಗೆ ಬರ್ರಿ, ಬರ್ರಿ ಅಂತ ಕರೀತೀವಲ್ಲ ಯಜಮಾನ್ರ, ಅದು,” ಎಂದೆ.

ಅವರು ರುಮಾಲು ಬಿಚ್ಚಿದರು. ಬೆವರು ಒರೆಸಿಕೊಂಡರು. ಹೆಂಡತಿಗೆ ಏನಾದರೂ ಅಂದುಬಿಟ್ಟಾರು ಎಂದು ನಾನು ಹೆದರಿದೆ. ಆಮೇಲೆ ಅವರು ತೊಡೆ ತಟ್ಟಿಕೊಂಡರು.

“ಅದಕ್ಕ ರೀ! ಲಗ್ನ ಆದಾಗಿನಿಂದ ಇವಳ ತವರುಮನಿಯವ್ರು ಒಬ್ಬರ ಬೆನ್ನಿಗಿ ಒಬ್ರು ಬರೋದು ನಿಂತಿಲ್ಲ ಅಂತೀನಿ!”

ಡಾಕ್ಟರು ನಗು ತಡೆಯಲಾಗದೆ ಸಿರಿಂಜು ಕೆಳಗಿಟ್ಟು ಹೊರಗೆ ಓಡಿದರು. ರಕ್ತ ನಾನೇ ತೆಗೆದೆ.

ಕಾರ್ಡಿಗೆ ಹನಿಸಿ ಕಾಯುವಾಗ ಮಾತ್ರ ಅಜ್ಜಿಯ ಮುಖದ ನಗು ಹೋಯಿತು. ಹಚ್ಚೆಯ ಸೂಜಿಯಿಂದಲೂ ರೋಗ ಹತ್ತಬಹುದು ಎಂದು ನಾನು ಮೊದಲೇ ಹೇಳಿದ್ದೆ. ಆ ಚಪ್ಪರದಲ್ಲಿ ಅವಳ ಜೊತೆ ಒಂದೇ ಸೂಜಿಯಲ್ಲಿ ಹಾಕಿಸಿಕೊಂಡ ಗೆಳತಿ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ತೀರಿಕೊಂಡಿದ್ದಳಂತೆ. ಅದನ್ನು ಹೇಳುವಾಗ ಅವಳ ದನಿ ಸಣ್ಣದಾಯಿತು. ಮುದುಕರು ಹೆಂಡತಿಯ ಎಡಗೈಯನ್ನು, ಆ ಅಕ್ಷರದ ಮೇಲೆಯೇ, ಹಿಡಿದುಕೊಂಡು ಕೂತರು. ನಾನು ಕಾರ್ಡಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಮೊದಲ ಗೆರೆ ಮೂಡಿತು. ಹೊತ್ತು ಮುಗಿಯುವವರೆಗೂ ಕಾದೆ. ಎರಡನೆಯದು ಬರಲಿಲ್ಲ.

“ಏನೂ ಬಂದಿಲ್ಲ ಅಜ್ಜಿ,” ಎಂದೆ. “ಆ ರೋಗ ನಿನ್ನ ಮೈಯಾಗ ಬಂದಿಲ್ಲ.”

ಅಜ್ಜಿ ಉದ್ದಕ್ಕೆ ಉಸಿರು ಬಿಟ್ಟಳು. ಗಂಡನ ಕೈ ಬಿಡಿಸಿಕೊಂಡು ತನ್ನ ಹಚ್ಚೆಯನ್ನು ಒಂದು ಸಲ ಸವರಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಕ್ಕು ಹೇಳಿದಳು:

“ಇಷ್ಟು ದೊಡ್ಡ ಬೋರ್ಡ್ ಹಾಕ್ಕೊಂಡ್ರೂ ಬಂದಿಲ್ಲ ನೋಡವ್ವಾ. ಆ ರೋಗಕ್ಕೂ ನಮ್ಮಂಗ ಓದಾಕ ಬರಂಗಿಲ್ಲ!”